ಅಡ್ಡಗೋಡೆಯ ಮೇಲಿನ ಇಲಿ

ತಲೆ, ಇಲಿ, ಎರಡು, ತುದಿ. ‘ಶೌ ಶೂ ಲ್ಯಾಂಗ್ ದ್ವಾನ್’ ಎಂಬ ಚೀನೀ ನುಡಿಗಟ್ಟಿನಲ್ಲಿರುವುದು ಈ ನಾಲ್ಕೇ ಪದಗಳು. ಒಂದಕ್ಕೊಂದು ಸೇರಿಸಿ ಎಷ್ಟು ಸಲ ಓದಿದರೂ ನನಗೆ ಅರ್ಥ ಹೊರಡಲಿಲ್ಲ. ಚೀನಿಯರ ಬಳಿ ಇಂಥ ನಾಲ್ಕಕ್ಷರದ ಮಾತುಗಳು ಸಾವಿರಾರಿವೆ. ‘ಚಂಗ್‌ಯು’ ಎನ್ನುತ್ತಾರೆ. ನಮ್ಮ ಗಾದೆಯ ಹಾಗೆ ಪೂರ್ತಿ ವಾಕ್ಯವಾಗಿರುವುದಿಲ್ಲ. ಯಾವುದೋ ಹಳೆಯ ಕಥೆಯ ಗಂಟನ್ನು ನಾಲ್ಕು ಅಕ್ಷರಕ್ಕೆ ಬಿಗಿದು ಕಟ್ಟಿರುತ್ತಾರೆ. ಕಥೆ ಗೊತ್ತಿದ್ದವರಿಗೆ ಗಂಟು ಬಿಚ್ಚಿಕೊಳ್ಳುತ್ತದೆ, ಗೊತ್ತಿಲ್ಲದವರು ನನ್ನ ಹಾಗೆ ಇಲಿಯ ತಲೆಯನ್ನೇ ನೋಡುತ್ತ ಕೂರಬೇಕು.

ಕಂಪನಿಯ ಕೆಲಸದ ಮೇಲೆ ಮೂರು ವರ್ಷ ಶಾಂಘೈನಲ್ಲಿದ್ದೆ. ವಾರಕ್ಕೆರಡು ಸಂಜೆ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಅವರು ಎಡಗೈಯನ್ನು ಮುಷ್ಟಿ ಮಾಡಿ ಬಿಲವೆಂದರು. ಬಲಗೈಯ ಹೆಬ್ಬೆರಳನ್ನು ಅದರೊಳಗಿಂದ ಮೆಲ್ಲಗೆ ಹೊರಗೆ ಹಾಕಿ ಆ ಕಡೆ ಈ ಕಡೆ ತಿರುಗಿಸಿದರು. ಇಲಿ ತಲೆ ಹಾಕಿದೆ. ಹೊರಗೆ ಬೆಕ್ಕಿದೆಯೋ ಏನೋ, ಒಳಗೆ ಹೊಟ್ಟೆಗಿಲ್ಲ. ಹೋಗಲೋ ಬೇಡವೋ. ಬೆರಳು ಮತ್ತೆ ಒಳಗೆ ಹೋಯಿತು. ಅನಿಶ್ಚಯ, ಡೋಲಾಯಮಾನ, ಎರಡು ಮನಸ್ಸು ಎಂದು ನಿಘಂಟೂ ಹೇಳುತ್ತದೆ.

ನಮ್ಮಲ್ಲಿ ಇದಕ್ಕೆ ಮೀನಮೇಷ ಎಣಿಸುವುದು ಎನ್ನುತ್ತೇವೆ ಎಂದೆ. ರಾಶಿಚಕ್ರದ ಕೊನೆಯದು ಮೀನ, ಮೊದಲಿನದು ಮೇಷ. ಅವೆರಡರ ನಡುವೆ ಬೆರಳು ಮಡಿಸುತ್ತ ಕೂತವನಿಗೆ ಮುಹೂರ್ತ ಎಂದೂ ಸಿಗುವುದಿಲ್ಲ ಎಂದು ವಿವರಿಸಿದೆ. ಅವರಿಗೆ ಮೀನೂ ಟಗರೂ ಬಹಳ ಹಿಡಿಸಿದವು. ಆದರೆ ‘ಶೌ ಶೂ’ ಹುಟ್ಟಿದ ಕಥೆಯನ್ನು ಆಮೇಲೆ ಓದಿದಾಗ ಮೀನಮೇಷ ಇದಕ್ಕೆ ಸರಿಯಾದ ಜೋಡಿ ಅಲ್ಲವೆನಿಸಿತು. ಸರಿಯಾದ ಜೋಡಿ ನಮ್ಮಲ್ಲೇ ಇನ್ನೊಂದಿತ್ತು. ಅದನ್ನು ನಾನು ಹನ್ನೆರಡನೇ ವಯಸ್ಸಿನಲ್ಲೇ ಕೇಳಿದ್ದೆ.

ಕಥೆ ಇರುವುದು ಸಿಮಾ ಚಿಯೆನ್ ಬರೆದ ‘ಶೀ ಜಿ’ ಎಂಬ ಇತಿಹಾಸ ಗ್ರಂಥದಲ್ಲಿ. 130 ಅಧ್ಯಾಯಗಳ ಆ ಪುಸ್ತಕದ 107ನೆಯದು ಇಬ್ಬರು ಸಾಮಂತರ ಜಗಳದ ಕಥೆ. ಕಾಲ ಕ್ರಿ.ಪೂ. 131ರ ಆಸುಪಾಸು. ಹಾನ್ ವಂಶದ ವೂ ಚಕ್ರವರ್ತಿಗೆ ಆಗ ಇಪ್ಪತ್ತೈದರ ಪ್ರಾಯ. ಜಗಳವಾಡಿದ ಇಬ್ಬರೂ ರಾಜಮನೆತನದ ಹೆಣ್ಣುಮಕ್ಕಳ ಕಡೆಯ ನೆಂಟರು. ಒಬ್ಬ ದೌ ಯಿಂಗ್, ಚಕ್ರವರ್ತಿಯ ಅಜ್ಜಿಯ ತವರಿನವನು. ಕ್ರಿ.ಪೂ. 154ರಲ್ಲಿ ಏಳು ಸಂಸ್ಥಾನಗಳು ಒಟ್ಟಾಗಿ ದಂಗೆಯೆದ್ದಾಗ ಸೇನೆ ನಡೆಸಿ ಹೆಸರು ಮಾಡಿದವನು. ಇನ್ನೊಬ್ಬ ತಿಯೆನ್ ಫೆನ್, ಚಕ್ರವರ್ತಿಗೆ ಸೋದರಮಾವ. ದೌ ಯಿಂಗ್ ಉಚ್ಛ್ರಾಯದಲ್ಲಿದ್ದಾಗ ತಿಯೆನ್ ಫೆನ್ ಸಣ್ಣ ಅಧಿಕಾರಿ. ಅವನ ಮನೆಗೆ ಹೋಗಿ ಮನೆಮಗನಂತೆ ಮಂಡಿಯೂರಿ ಮದ್ಯ ಬಡಿಸುತ್ತಿದ್ದವನು. ಅಜ್ಜಿ ತೀರಿಕೊಂಡಳು, ತಾಯಿಯ ಕೈ ಮೇಲಾಯಿತು. ತಿಯೆನ್ ಫೆನ್ ಪ್ರಧಾನಿಯಾದ. ದೌ ಯಿಂಗ್‌ನ ಮನೆಯ ಮುಂದೆ ನಿಲ್ಲುತ್ತಿದ್ದ ಗಾಡಿಗಳೆಲ್ಲ ಈಗ ತಿಯೆನ್ ಫೆನ್‌ನ ಮನೆಯ ಮುಂದೆ ನಿಂತವು. ಇಷ್ಟು ಯಾವ ಊರಿನಲ್ಲಾದರೂ ನಡೆಯುವಂಥದ್ದು.

ಆಮೇಲೆ ಪ್ರಧಾನಿ, ನಗರದ ದಕ್ಷಿಣಕ್ಕಿದ್ದ ದೌ ಯಿಂಗ್‌ನ ಹೊಲವನ್ನು ಕೇಳಿ ಕಳಿಸಿದ. ಹೌದು, ಜಮೀನು. ಎರಡು ಸಾವಿರ ವರ್ಷದ ಹಿಂದಿನ ಚೀನಾದಲ್ಲೂ ಕೊನೆಗೆ ಮಾತು ಬಂದು ನಿಲ್ಲುವುದು ಹೊಲದ ಬದುವಿನಲ್ಲೇ. ಮುದುಕ ಕೊಡುವುದಿಲ್ಲವೆಂದ. ಅವನ ಸ್ನೇಹಿತ ಗುವಾನ್ ಫು, ಕೇಳಲು ಬಂದವನಿಗೆ ಬಾಯಿಗೆ ಬಂದಂತೆ ಬೈದು ಕಳಿಸಿದ. ಕೆಲ ಕಾಲದ ಮೇಲೆ ಪ್ರಧಾನಿಯ ಮದುವೆಯ ಔತಣದಲ್ಲಿ ಇದೇ ಗುವಾನ್ ಫು ಕುಡಿದು, ತನ್ನ ಮಿತ್ರನಿಗೆ ಸಿಗದ ಮರ್ಯಾದೆಗೆ ಕೆರಳಿ, ಪಂಕ್ತಿಯ ನಡುವೆ ರಂಪ ಮಾಡಿದ. ರಾಜಮಾತೆಯ ಅಪ್ಪಣೆಯಿಂದ ನಡೆದ ಔತಣ ಅದು. ಅಲ್ಲಿ ರಂಪ ಮಾಡಿದರೆ ಅಪರಾಧ. ಗುವಾನ್ ಫುವನ್ನು ಕಟ್ಟಿಹಾಕಿದರು, ಅವನ ಕಡೆಯವರನ್ನೆಲ್ಲ ಹಿಡಿಯಲು ಆಳು ಹೋದರು, ಮರಣದಂಡನೆಯ ಮಾತು ಎದ್ದಿತು. ದೌ ಯಿಂಗ್ ಸ್ನೇಹಿತನ ಜೀವ ಉಳಿಸಲು ಚಕ್ರವರ್ತಿಯ ಬಳಿಗೆ ಹೋದ. ಸಭೆಯಲ್ಲಿ ವಾದ ಆಗಲಿ ಎಂದ ಚಕ್ರವರ್ತಿ. ಸಭೆ ಸೇರಿದ್ದು ಅವನ ತಾಯಿಯ ಅರಮನೆಯಲ್ಲೇ. ಯಾರು ಏನೆಂದರು ಎಂಬುದನ್ನು ಅಕ್ಷರಕ್ಷರ ಆಕೆಗೆ ಮುಟ್ಟಿಸಲು ಜನ ನಿಂತಿದ್ದರು.

ಇಬ್ಬರ ವಾದವೂ ಮುಗಿದ ಮೇಲೆ ಚಕ್ರವರ್ತಿ ಸಭಾಸದರ ಕಡೆ ತಿರುಗಿ, ಯಾರದು ಸರಿ ಎಂದು ಕೇಳಿದ.

ಮೊದಲು ಎದ್ದವನು ಹಾನ್ ಆನ್‌ಗುವೊ. ರಾಜ್ಯದ ಅತಿ ದೊಡ್ಡ ಅಧಿಕಾರಿಗಳಲ್ಲೊಬ್ಬ, ಪ್ರಧಾನಿಯ ನಂತರದ ಸ್ಥಾನದವನು. ಅವನು ಹೇಳಿದ್ದರ ಸಾರ ಇಷ್ಟು: ಗುವಾನ್ ಫುವಿನ ತಂದೆ ಯುದ್ಧದಲ್ಲಿ ಸತ್ತ, ಮಗ ಈಟಿ ಹಿಡಿದು ಶತ್ರುವಿನ ಪಾಳೆಯಕ್ಕೆ ನುಗ್ಗಿ ಮೈತುಂಬ ಗಾಯ ಮಾಡಿಕೊಂಡು ಬಂದ, ವೀರ, ಕುಡಿತದ ಜಗಳಕ್ಕೆ ಇಂಥವನ ತಲೆ ತೆಗೆಯಬೇಕಿಲ್ಲ, ಆದ್ದರಿಂದ ದೌ ಯಿಂಗ್ ಹೇಳಿದ್ದು ಸರಿ. ಆದರೆ ಗುವಾನ್ ಫು ಪುಂಡರ ಸಹವಾಸ ಮಾಡಿ, ಬಡವರನ್ನು ಹಿಂಡಿ, ತನ್ನ ಸೀಮೆಯಲ್ಲಿ ದರ್ಬಾರು ನಡೆಸಿದ್ದೂ ನಿಜ, ಕೊಂಬೆ ಬುಡಕ್ಕಿಂತ ದಪ್ಪವಾದರೆ ಮುರಿಯದೆ ಇರದು; ಆದ್ದರಿಂದ ಪ್ರಧಾನಿ ಹೇಳಿದ್ದೂ ಸರಿ. ವಿವೇಕಿಯಾದ ಪ್ರಭುವೇ ತೀರ್ಮಾನಿಸಬೇಕು.

ಆಮೇಲೆ ಜಿ ಆನ್ ಎಂಬ ಮುಂಗೋಪಿ ಅಧಿಕಾರಿ ದೌ ಯಿಂಗ್‌ನದು ಸರಿ ಎಂದ. ಝಂಗ್ ದಾಂಗ್‌ಶೀ ಎಂಬವನೂ ಹಾಗೇ ಎಂದ, ಆದರೆ ಸ್ವಲ್ಪ ಹೊತ್ತಿಗೆ ಮಾತಿನ ಬಿಗಿ ಸಡಿಲಿಸಿದ. ಉಳಿದವರು ಬಾಯಿ ಬಿಡಲಿಲ್ಲ. ಚಕ್ರವರ್ತಿ ಕೂಗಾಡಿದ: ಬೇರೆ ಹೊತ್ತಿನಲ್ಲಿ ಇವರಿಬ್ಬರ ಗುಣದೋಷ ಆಡಿಕೊಳ್ಳುತ್ತೀರಿ, ಇವತ್ತು ನೊಗಕ್ಕೆ ಕಟ್ಟಿದ ಮರಿಗುದುರೆಯ ಹಾಗೆ ಮುದುರಿದ್ದೀರಿ ಎಂಬರ್ಥದ ಮಾತು. ಆ ಮರಿಗುದುರೆಯೂ ಚೀನೀ ನುಡಿಗಟ್ಟಾಗಿ ಉಳಿದಿದೆ. ಒಂದೇ ಸಭೆಯಿಂದ ಭಾಷೆಗೆ ಎರಡು ಪ್ರಾಣಿಗಳು ಬಂದವು.

ಇಲಿ ಬಂದದ್ದು ಸಭೆ ಮುಗಿದ ಮೇಲೆ. ಅರಮನೆಯ ಬಾಗಿಲು ದಾಟಿದ ಪ್ರಧಾನಿ ತಿಯೆನ್ ಫೆನ್, ಹಾನ್ ಆನ್‌ಗುವೊನನ್ನು ಕರೆದು ತನ್ನ ಗಾಡಿಯಲ್ಲಿ ಹತ್ತಿಸಿಕೊಂಡ. ಹತ್ತಿದ್ದೇ ತಡ ತರಾಟೆ: ಒಬ್ಬ ಬೋಳು ಮುದುಕನ ವಿಷಯದಲ್ಲಿ ನಾವಿಬ್ಬರೂ ಜೊತೆಗೆ ನಿಲ್ಲಬೇಕಾಗಿತ್ತು, ನೀನೇಕೆ ‘ಶೌ ಶೂ ಲ್ಯಾಂಗ್ ದ್ವಾನ್’ ಮಾಡಿದೆ?

ಅಂದರೆ ಈ ಮಾತನ್ನು ಮೊದಲು ಆಡಿದವನು ಅನ್ಯಾಯಕ್ಕೊಳಗಾದವನಲ್ಲ, ಅನ್ಯಾಯ ಮಾಡಲು ಹೊರಟವನು. ಸಿಟ್ಟು ಬಂದದ್ದಕ್ಕೆ ಅವನಿಗೆ ಕಾರಣವೂ ಇತ್ತು. ಹಿಂದೆ ಹಾನ್ ಆನ್‌ಗುವೊ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾಗ ಐದುನೂರು ಚಿನ್ನದ ಬೆಲೆಯ ಕಾಣಿಕೆಯನ್ನು ಇದೇ ತಿಯೆನ್ ಫೆನ್‌ಗೆ ಒಪ್ಪಿಸಿ ಮತ್ತೆ ಅಧಿಕಾರಕ್ಕೆ ಬಂದಿದ್ದ. ಇದನ್ನು ಸಿಮಾ ಚಿಯೆನ್ ಮುಂದಿನ ಅಧ್ಯಾಯದಲ್ಲಿ, 108ರಲ್ಲಿ, ಹಾನ್ ಆನ್‌ಗುವೊನ ಜೀವನ ಬರೆಯುವಾಗ ಹೇಳುತ್ತಾನೆ. ಋಣವಿದ್ದವನು ಅರ್ಧ ಮಾತ್ರ ತೀರಿಸಿದ ಎಂಬ ಸಾಹುಕಾರನ ಸಿಟ್ಟು ಅದು.

ಅದೇ ಅಧ್ಯಾಯ ಓದಿದವರು ಹಾನ್ ಆನ್‌ಗುವೊನನ್ನು ಚಂಚಲ ಮನಸ್ಸಿನವನು ಎನ್ನಲಾರರು. ಸೆರೆಯಲ್ಲಿದ್ದಾಗ ಅವಮಾನಿಸಿದ ಕಾವಲುಗಾರನಿಗೆ, ಆರಿದ ಬೂದಿ ಮತ್ತೆ ಹೊತ್ತಿಕೊಳ್ಳುವುದಿಲ್ಲವೇ ಎಂದು ಕೇಳಿದವನು ಅವನೇ. ಹೊತ್ತಿಕೊಂಡರೆ ಉಚ್ಚೆ ಹೊಯ್ದು ಆರಿಸುತ್ತೇನೆ ಎಂದಿದ್ದನಂತೆ ಕಾವಲುಗಾರ. ಮುಂದೆ ಅಧಿಕಾರ ಬಂದಾಗ ಅದೇ ಕಾವಲುಗಾರನನ್ನು ಕರೆಸಿ, ಈಗ ಹೊಯ್ಯಿ ಎಂದು ನಕ್ಕು, ಚೆನ್ನಾಗಿ ನೋಡಿಕೊಂಡ. ತನ್ನ ಒಡೆಯನಾಗಿದ್ದ ಲಿಯಾಂಗ್‌ನ ರಾಜನ ಮುಂದೆ ಅತ್ತು, ಕೊಲೆ ಮಾಡಿಸಿದವರನ್ನು ಅರಮನೆಯಲ್ಲಿ ಬಚ್ಚಿಡಬೇಡ ಎಂದು ಒಪ್ಪಿಸಿದ. ಉತ್ತರದ ಶ್ಯೊಂಗ್‌ನು ಅಲೆಮಾರಿಗಳ ಮೇಲೆ ಯುದ್ಧ ಬೇಡ ಎಂದು ತುಂಬಿದ ಸಭೆಯಲ್ಲಿ ವಾದಿಸಿದ. ಇವನಿಗೆ ನಿರ್ಧಾರ ಮಾಡಲು ಬರುತ್ತಿರಲಿಲ್ಲವೆಂದರೆ ಯಾರು ನಂಬಬೇಕು?

ಪ್ರಧಾನಿಯ ಗಾಡಿಯಲ್ಲಿ ಕೂತು ಅವನು ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ತುಸು ಹೊತ್ತು ಸುಮ್ಮನಿದ್ದು, ತಪ್ಪು ನಿನ್ನದೇ ಎಂದನಂತೆ. ಎದುರಾಳಿ ನಿನ್ನನ್ನು ಜರೆದಾಗ ನೀನು ಟೋಪಿ ತೆಗೆದಿಟ್ಟು, ಅವನು ಹೇಳಿದ್ದು ಸರಿ, ನಾನು ಯೋಗ್ಯನಲ್ಲ ಎಂದು ರಾಜೀನಾಮೆ ಕೊಡಬೇಕಿತ್ತು. ಚಕ್ರವರ್ತಿ ನಿನ್ನ ವಿನಯ ಮೆಚ್ಚಿ ಬಿಡದೆ ಉಳಿಸಿಕೊಳ್ಳುತ್ತಿದ್ದ, ಆ ಮುದುಕ ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡು ತಾನೇ ಸಾಯುತ್ತಿದ್ದ. ಅದು ಬಿಟ್ಟು ಸಂತೆಯವರ ಹಾಗೆ ಜಗಳಕ್ಕೆ ನಿಂತೆಯಲ್ಲ ಎಂದು. ತಿಯೆನ್ ಫೆನ್ ತಪ್ಪೊಪ್ಪಿಕೊಂಡ. ಸಭೆಯಲ್ಲಿ ಎರಡೂ ಸರಿ ಎಂದವನು ಗಾಡಿಯೊಳಗೆ ಒಂದು ಕ್ಷಣವೂ ತಡವರಿಸಲಿಲ್ಲ. ಮುದುಕನನ್ನು ಹೇಗೆ ಮುಗಿಸಬೇಕಿತ್ತೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಇದನ್ನು ಓದಿದ ರಾತ್ರಿ ನನಗೆ ತಿಪಟೂರು ಸೀಮೆಯ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. 1987. ಅಜ್ಜ ತೀರಿಕೊಂಡು ವರ್ಷವಾಗಿತ್ತು. ಅಪ್ಪ, ದೊಡ್ಡಪ್ಪ ಪಾಲಿಗೆ ಕೂತಿದ್ದರು. ಗಂಡ ಸತ್ತು, ಒಬ್ಬ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದ ಅತ್ತೆ ಬಾಗಿಲ ಪಕ್ಕ ನಿಂತು, ತನಗೂ ಒಂದಿಷ್ಟು ತೆಂಗಿನ ಗಿಡ ಬರಲಿ ಎಂದು ಕೇಳಿದಳು. ಆ ತೋಟ ಅಜ್ಜ ಸ್ವಂತ ದುಡಿಮೆಯಿಂದ ಕೊಂಡದ್ದು. 1956ರ ಕಾಯ್ದೆಯ ಪ್ರಕಾರ ಅದರಲ್ಲಿ ಅವಳಿಗೂ ಗಂಡುಮಕ್ಕಳಷ್ಟೇ ಪಾಲಿತ್ತು. ಅದು ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಯಾರೂ ಆಡಲಿಲ್ಲ. ಎಲ್ಲರೂ ಚಿಕ್ಕಜ್ಜನ ಮುಖ ನೋಡಿದರು. ಅಜ್ಜನ ತಮ್ಮ, ಊರಿಗೆ ದೊಡ್ಡ ಮನುಷ್ಯ, ನಾಲ್ಕು ಹಳ್ಳಿಯ ನ್ಯಾಯ ಹೇಳಿದವರು.

ಚಿಕ್ಕಜ್ಜ ಎಲೆಅಡಿಕೆ ಉಗಿದು ಬಂದು ಕೂತು ಹೇಳಿದರು. “ಮಗೂಗೆ ಆಸರೆ ಬೇಕು, ಅವಳು ಕೇಳೋದ್ರಲ್ಲಿ ನ್ಯಾಯ ಐತೆ. ಮದುವೆಗೆ ಅಷ್ಟು ಖರ್ಚು ಮಾಡವ್ರೆ, ಸಾಲ ಇವರೇ ತೀರಿಸ್ಬೇಕು, ಇವರು ಹೇಳೋದ್ರಲ್ಲೂ ನ್ಯಾಯ ಐತೆ. ಒಂದೇ ಬಳ್ಳಿ ಕಾಯಿಗಳು ನೀವು. ನಿಮ್ಮ ನಿಮ್ಮಲ್ಲೇ ಕೂತು ಬಗೆಹರಿಸ್ಕೊಳ್ರಪ್ಪ.” ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅವರ ತೋಟಕ್ಕೆ ಆಗ ನೀರು ಹರಿಯುತ್ತಿದ್ದದ್ದು ದೊಡ್ಡಪ್ಪನ ಕೊಳವೆಬಾವಿಯಿಂದ.

ಮುಂದಿನ ತಿಂಗಳು ಅತ್ತೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದಳು. ಏಳನೇ ಕ್ಲಾಸು ಓದಿದವಳು. ಆಮೇಲೆ ತಿಪಟೂರಿನಲ್ಲಿ ಒಂದು ರೂಮು ಹಿಡಿದು ರವಿಕೆ ಹೊಲಿದು ಮಗಳನ್ನು ಓದಿಸಿದಳು. ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮ ಅವಳಿಗೆ ಸಮಾಧಾನ ಹೇಳುತ್ತಿದ್ದರು. ಚಿಕ್ಕಪ್ಪ ಪಾಪ ಏನು ಮಾಡ್ತಾರೆ, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಹೇಳಿಬಿಟ್ಟರು ಎಂದರು. ಅತ್ತೆ ಬಟ್ಟೆ ಮಡಚುತ್ತಲೇ ಹೇಳಿದಳು: “ದೀಪ ಏನೋ ಚೆನ್ನಾಗೇ ಉರೀತು ಅತ್ತಿಗೆ. ಎಣ್ಣೆ ಮಾತ್ರ ನಂದು.”

ಅಡ್ಡಗೋಡೆಯ ಮೇಲಿನ ದೀಪವೇ ‘ಶೌ ಶೂ’ವಿನ ನಿಜವಾದ ನೆಂಟ. ಮೀನಮೇಷ ಎಣಿಸುವವನು ತನ್ನ ವಿಷಯದಲ್ಲಿ ಎಣಿಸುತ್ತಾನೆ, ಮುಹೂರ್ತ ತಪ್ಪಿದರೆ ತಾನೇ ಅನುಭವಿಸುತ್ತಾನೆ. ಗೋಡೆಯ ಮೇಲೆ ದೀಪ ಇಡುವವನಿಗೆ ಕತ್ತಲೆಯ ಭಯವಿಲ್ಲ. ಅವನ ಮನೆ ಬೇರೆ ಬೀದಿಯಲ್ಲಿದೆ. ಹಾನ್ ಆನ್‌ಗುವೊ ಆಡಿದ ಒಂದೊಂದು ವಾಕ್ಯವೂ ನಿಜ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಗುವಾನ್ ಫು ವೀರನಾಗಿದ್ದ, ಅವನ ಕಡೆಯವರು ಬಡವರನ್ನು ಹಿಂಡಿದ್ದೂ ಹೌದು. ಆ ಸೀಮೆಯ ಮಕ್ಕಳು ಅವನ ವಂಶ ನಾಶವಾಗಲೆಂದು ಹಾಡು ಕಟ್ಟಿ ಹಾಡುತ್ತಿದ್ದರಂತೆ. ಅತ್ತೆಯ ಮದುವೆಗೆ ಸಾಲವಾಗಿದ್ದೂ ನಿಜ. ಆದರೆ ಸಭೆಯ ಮುಂದಿದ್ದ ಪ್ರಶ್ನೆ, ಕುಡಿದು ಕೂಗಾಡಿದ್ದಕ್ಕೆ ಈ ಮನುಷ್ಯನ ತಲೆ ಹೋಗಬೇಕೇ ಎಂಬುದು. ಪಡಸಾಲೆಯ ಮುಂದಿದ್ದ ಪ್ರಶ್ನೆ, ಇವಳಿಗೆ ಪಾಲು ಕೊಡಬೇಕೇ ಬೇಡವೇ ಎಂಬುದು. ಇಬ್ಬರು ಹಿರಿಯರೂ ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರು.

ಇನ್ನು ಇಲಿಯ ವಿಷಯ. ಅಲ್ಲಿ ಇಲಿ ಇದೆಯೇ ಎಂಬುದೇ ಅನುಮಾನ. ಇಲಿಯ ಸ್ವಭಾವವೇ ಸಂಶಯ, ಬಿಲದಿಂದ ಹೊರಬರಲು ಹಿಂಜರಿಯುತ್ತದೆ ಎಂಬ ವಿವರಣೆ ಕೊಟ್ಟವನು ಸೊಂಗ್ ಕಾಲದ ಪಂಡಿತ ಲು ದಿಯೆನ್. ಅವನು ಬದುಕಿದ್ದು 11ನೇ ಶತಮಾನದಲ್ಲಿ, ಅಂದರೆ ತಿಯೆನ್ ಫೆನ್ ಗಾಡಿಯಲ್ಲಿ ಬೈದು ಸಾವಿರದ ಇನ್ನೂರು ವರ್ಷ ಆದಮೇಲೆ. ಇದೇ ಮಾತು ‘ಹೌ ಹಾನ್ ಶು’ ಎಂಬ ಇನ್ನೊಂದು ಇತಿಹಾಸದಲ್ಲಿ ‘ಶೌ ಶೀ’ ಎಂದಿದೆ; ಅಲ್ಲಿ ಇಲಿಯ ಅಕ್ಷರವೇ ಇಲ್ಲ. ಹಿಂಜರಿಕೆಗೆ ಚೀನಿಯರ ದಿನಬಳಕೆಯ ಪದ ‘ಯೌ ಯು’. ಅದರಲ್ಲೂ ಪಂಡಿತರು ಪ್ರಾಣಿ ಹುಡುಕಿದ್ದಾರೆ. ‘ಯೌ’ ಎಂದರೆ ನಾಯಿ, ಯಜಮಾನನಿಗಿಂತ ಮುಂದೆ ಓಡಿ, ಅವನು ಬರಲಿಲ್ಲವೆಂದು ಮತ್ತೆ ಹಿಂದಕ್ಕೆ ಓಡಿ ಬರುತ್ತದಲ್ಲ, ಅದು ಎಂದು 6ನೇ ಶತಮಾನದ ಯೆನ್ ಝೀತುಯ್ ಬರೆದ. ಮನುಷ್ಯರ ಸದ್ದಿಗೆ ಮರ ಹತ್ತಿ, ಇಳಿದು, ಮತ್ತೆ ಹತ್ತುವ ಕಾಡುಪ್ರಾಣಿ ಎಂಬ ಮಾತನ್ನೂ ಅವನೇ ಹೇಳುತ್ತಾನೆ. ಸಂಶಯಕ್ಕೆ ಇರುವ ಇನ್ನೊಂದು ಪದದಲ್ಲಿ ನರಿಯಿದೆ. ಹೆಪ್ಪುಗಟ್ಟಿದ ನದಿ ದಾಟುವ ಮೊದಲು ಕೆಳಗೆ ನೀರಿನ ಸದ್ದು ಇದೆಯೇ ಎಂದು ಕಿವಿಗೊಡುವ ನರಿ.

ಇವನ್ನೆಲ್ಲ ಒಂದೇ ಏಟಿಗೆ ಓಡಿಸಿದವನು ಚಿಂಗ್ ಕಾಲದ ಭಾಷಾಪಂಡಿತ ವಾಂಗ್ ನಿಯೆನ್‌ಸುನ್ (1744–1832). ಇಂಥ ಜೋಡಿ ಪದಗಳ ಅರ್ಥ ಇರುವುದು ಸದ್ದಿನಲ್ಲಿ, ಬಿಡಿ ಅಕ್ಷರಗಳಲ್ಲಿ ಅಲ್ಲ. ಒಡೆದು ಅರ್ಥ ಹುಡುಕಿದರೆ ದಾರಿ ತಪ್ಪುತ್ತೀರಿ ಎಂಬುದು ಅವನ ನಿಲುವು. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ತಬ್ಬಿಬ್ಬಿನಲ್ಲಿ ತಬ್ಬು ಯಾವುದು, ಇಬ್ಬು ಯಾವುದು? ಗಲಿಬಿಲಿಯೊಳಗೆ ಇಲಿಯಿದೆ ಎಂದು ನಾಳೆ ಯಾರಾದರೂ ಕಥೆ ಕಟ್ಟಿದರೆ ನಂಬುವವರು ಸಿಗದೇ ಇರುವುದಿಲ್ಲ. ವಾಂಗ್ ಹೇಳುವುದೇ ಸರಿ ಎಂದು ನನ್ನ ಬುದ್ಧಿ ಒಪ್ಪುತ್ತದೆ. ಆದರೂ ಶಿಕ್ಷಕಿಯ ಮುಷ್ಟಿಯೊಳಗಿಂದ ಇಣುಕಿದ ಹೆಬ್ಬೆರಳನ್ನು ಮರೆಯುವುದು ನನ್ನಿಂದಾಗಿಲ್ಲ. ಒಂದು ದೂರು ಮಾತ್ರ ಉಂಟು: ಇಲಿ ಬಂದು ಈ ಮಾತಿನ ಬಿಸಿ ಆರಿಸಿಬಿಟ್ಟಿತು. ಇಲಿಯ ಮೇಲೆ ಯಾರಿಗೆ ಕೋಪ ಬರುತ್ತದೆ? ಅದು ಪಾಪದ್ದು, ಹೆದರಿದೆ. ಎರಡು ಸಾವಿರ ವರ್ಷದಲ್ಲಿ ಲೆಕ್ಕಾಚಾರದ ಮನುಷ್ಯನೊಬ್ಬ ಹೆದರಿದ ಪ್ರಾಣಿಯಾಗಿ, ಶಬ್ದಕೋಶದಲ್ಲಿ ‘ಅನಿಶ್ಚಯ’ ಎಂಬ ಸಾಧು ಅರ್ಥ ಪಡೆದು ಕೂತಿದ್ದಾನೆ.

ಈ ಕಥೆ ಬರೆದವನ ಬಗ್ಗೆ ಒಂದು ಮಾತು ಹೇಳದಿದ್ದರೆ ಅದು ಅರ್ಧವೇ ಆಗುತ್ತದೆ. ಆ ಸಭೆ ನಡೆದು ಮೂವತ್ತು ವರ್ಷದ ಮೇಲೆ, ಕ್ರಿ.ಪೂ. 99ರಲ್ಲಿ, ಇದೇ ವೂ ಚಕ್ರವರ್ತಿಯ ಆಸ್ಥಾನದಲ್ಲಿ ಇನ್ನೊಬ್ಬನ ಪ್ರಶ್ನೆ ಬಂತು. ಲೀ ಲಿಂಗ್ ಎಂಬ ಸೇನಾಪತಿ ಶ್ಯೊಂಗ್‌ನುಗಳಿಗೆ ಸೆರೆಯಾಗಿದ್ದ. ಆಸ್ಥಾನದವರೆಲ್ಲ ಅವನನ್ನು ಹಳಿಯುತ್ತಿದ್ದಾಗ ಚಕ್ರವರ್ತಿ ಸಿಮಾ ಚಿಯೆನ್‌ನನ್ನು ಕೇಳಿದ. ಅವನಿಗೂ ಎರಡೂ ಕಡೆ ಸರಿ ಎನ್ನುವುದು ಸುಲಭವಿತ್ತು. ಲೀ ಲಿಂಗ್ ಅವನಿಗೆ ಆಪ್ತ ಗೆಳೆಯನೇನಲ್ಲ. ಸಿಮಾ ಚಿಯೆನ್ ಅವನ ಪರವಾಗಿ ಮಾತಾಡಿದ. ಅದಕ್ಕೆ ಸಿಕ್ಕಿದ್ದು ಪುರುಷತ್ವ ಕತ್ತರಿಸುವ ಶಿಕ್ಷೆ. ಪುಸ್ತಕ ಮುಗಿದಿರಲಿಲ್ಲ, ಅದಕ್ಕಾಗಿ ಅವಮಾನ ನುಂಗಿ ಬದುಕಿ ಉಳಿದ. ‘ಶೀ ಜಿ’ಯಲ್ಲಿ ಜಗಳದ ಕಥೆ 107, ಹಾನ್ ಆನ್‌ಗುವೊ 108, ಅದರ ಮರು ಅಧ್ಯಾಯ 109 ಲೀ ಲಿಂಗ್‌ನ ಅಜ್ಜ ಲೀ ಗುವಾಂಗ್‌ನದು. ಮಾತಾಡಿದರೆ ಏನಾಗುತ್ತದೆಂದು ಮೈಯಲ್ಲೇ ಬರೆಸಿಕೊಂಡವನು, ಮಾತು ತಪ್ಪಿಸಿಕೊಂಡವನನ್ನು ಅದಕ್ಕಾಗಿ ಹಳಿದಿಲ್ಲ. ಹಾನ್ ಆನ್‌ಗುವೊನ ನಡತೆಯ ಬಗ್ಗೆ ಅಧ್ಯಾಯದ ಕೊನೆಯಲ್ಲಿ ಗೌರವದಿಂದಲೇ ಬರೆಯುತ್ತಾನೆ. ನನಗೆ ಚಿಕ್ಕಜ್ಜನ ಬಗ್ಗೆ ಅಷ್ಟು ದೊಡ್ಡ ಮನಸ್ಸು ಬಂದಿಲ್ಲ.

ಕಳೆದ ವರ್ಷ ಆ ತೋಟದ ಒಂದು ಭಾಗ ಮಾರುವ ಮಾತು ಬಂತು. ದೊಡ್ಡಪ್ಪನ ಮಗ, ನಾನು, ಇಬ್ಬರೂ ಸಹಿ ಹಾಕಬೇಕು. ಅತ್ತೆ ಈಗಿಲ್ಲ, ಅವಳ ಮಗಳು ಏನನ್ನೂ ಕೇಳಿಲ್ಲ, ಕೇಳುವುದಕ್ಕೆ ಕಾಗದದ ಪ್ರಕಾರ ಅವಳಿಗೆ ಏನೂ ಇಲ್ಲ. ಬರುವ ಹಣದಲ್ಲಿ ಮೂರನೇ ಒಂದು ಭಾಗ ಅವಳಿಗೆ ಹೋಗಬೇಕು, ಇಲ್ಲವಾದರೆ ನಾನು ಸಹಿ ಹಾಕುವುದಿಲ್ಲ ಎಂದೆ. ಅಣ್ಣ ಕೆಟ್ಟವನಲ್ಲ. ಅವನ ಮಗನ ಓದಿನ ಸಾಲವಿದೆ, ಅದೂ ನನಗೆ ಗೊತ್ತು. ಒಂಬತ್ತು ತಿಂಗಳಿಂದ ಅವನು ಫೋನು ಎತ್ತಿಲ್ಲ, ಅವನ ಮನೆಯ ಗೃಹಪ್ರವೇಶಕ್ಕೆ ನಮಗೆ ಕರೆ ಬರಲಿಲ್ಲ. ವ್ಯವಹಾರ ಹಾಗೇ ನಿಂತಿದೆ. ಊರಿನ ಒಬ್ಬ ಹಿರಿಯರನ್ನು ಮಧ್ಯೆ ಕೂರಿಸೋಣ ಎಂದು ನೆಂಟರು ಹೇಳಿ ಕಳಿಸಿದ್ದಾರೆ.

ಆ ಕಡೆ ಚಾಂಗ್‌ಆನ್‌ನಲ್ಲಿ, ಸಭೆ ಮುಗಿದ ಮೇಲೆ ರಾಜಮಾತೆ ಊಟ ಬಿಟ್ಟಳು. ನಾನು ಬದುಕಿರುವಾಗಲೇ ನನ್ನ ತಮ್ಮನನ್ನು ಹೀಗೆ ತುಳಿದರೆ ಸತ್ತ ಮೇಲೆ ಗತಿಯೇನು ಎಂದು ಮಗನ ಮೇಲೆ ರೇಗಿದಳು. ಗುವಾನ್ ಫುವನ್ನೂ ಅವನ ಕುಟುಂಬದವರನ್ನೂ ಕೊಂದರು. ದೌ ಯಿಂಗ್‌ನ ಮೇಲೆ, ಹಿಂದಿನ ಚಕ್ರವರ್ತಿಯ ಆಜ್ಞಾಪತ್ರವನ್ನು ಖೋಟಾ ಮಾಡಿದನೆಂಬ ಆರೋಪ ಹೊರಿಸಿ, ಚಳಿಗಾಲದ ಕೊನೆಗೆ ಅವನ ತಲೆಯನ್ನೂ ತೆಗೆದರು. ವಸಂತದಲ್ಲಿ ತಿಯೆನ್ ಫೆನ್ ಕಾಯಿಲೆ ಬಿದ್ದು, ತಪ್ಪಾಯಿತು ತಪ್ಪಾಯಿತು ಎಂದು ಕೂಗುತ್ತ ಸತ್ತ. ಸತ್ತವರಿಬ್ಬರೂ ಅವನ ಹಾಸಿಗೆಯ ಪಕ್ಕ ಕಾವಲು ನಿಂತಿದ್ದರೆಂದು ಭೂತ ಕಾಣುವವನು ಹೇಳಿದನಂತೆ.

ಪ್ರಧಾನಿಯ ಪೀಠ ಖಾಲಿಯಾಯಿತು. ಹಾನ್ ಆನ್‌ಗುವೊ ಅದರ ಕೆಲಸ ನೋಡಿಕೊಳ್ಳತೊಡಗಿದ. ಅವನನ್ನೇ ಪ್ರಧಾನಿ ಮಾಡಬೇಕೆಂದು ಚಕ್ರವರ್ತಿಗೂ ಇತ್ತು. ಅಷ್ಟರಲ್ಲಿ ಒಂದು ದಿನ ಚಕ್ರವರ್ತಿಯ ಮೆರವಣಿಗೆಗೆ ಮುಂದಾಳಾಗಿ ಹೋಗುತ್ತಿದ್ದವನು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ. ನೋಡಿ ಬರಲು ಕಳಿಸಿದ ಆಳು, ಕುಂಟು ಜಾಸ್ತಿಯೇ ಇದೆ ಎಂದು ಬಂದು ಹೇಳಿದ. ಪೀಠ ಬೇರೆಯವನಿಗೆ ಹೋಯಿತು. ಕಾಲು ಗುಣವಾದ ಮೇಲೆ ಅವನನ್ನು ಉತ್ತರದ ಗಡಿಗೆ ಕಳಿಸಿದರು. ಶತ್ರು ದೂರ ಹೋಗಿದ್ದಾನೆಂದು ನಂಬಿ, ಸೈನಿಕರನ್ನು ಬೇಸಾಯಕ್ಕೆ ಬಿಡೋಣವೆಂದು ಬರೆದ. ತಿಂಗಳು ಕಳೆದು ಸ್ವಲ್ಪ ದಿನಕ್ಕೇ ದಾಳಿಯಾಯಿತು, ಸಾವಿರಕ್ಕೂ ಹೆಚ್ಚು ಜನರನ್ನೂ ದನಕರುಗಳನ್ನೂ ಹೊಡೆದುಕೊಂಡು ಹೋದರು. ಚಕ್ರವರ್ತಿ ಬೈದು, ಇನ್ನೂ ಪೂರ್ವಕ್ಕೆ ವರ್ಗ ಮಾಡಿದ. ಊರಿಗೆ ವಾಪಸು ಕರೆಸಿಕೊಳ್ಳುತ್ತಾರೇನೋ ಎಂದು ಅಲ್ಲೇ ಕಾಯುತ್ತಿದ್ದ. ಕೆಲವು ತಿಂಗಳಲ್ಲಿ ರಕ್ತ ಕಾರಿ ಸತ್ತ.